ಮೂವತ್ತು ದೊಡ್ಡದೋ, ಇನ್ನೂರು ದೊಡ್ಡದೋ

ದಾವಣಗೆರೆಯ ಒಂದು ಹೋಮಿಯೋಪಥಿ ಅಂಗಡಿಯಲ್ಲಿ ಸಾವಂತ್ರಮ್ಮ ಹತ್ತೊಂಬತ್ತು ವರ್ಷದಿಂದ ಔಷಧಿ ಕೊಡುತ್ತಿದ್ದಳು. ಡಾಕ್ಟರ ಚೀಟಿಯಲ್ಲಿ ಇಲ್ಲದ ಬಾಟಲಿ ಅವಳ ಕೈಯಿಂದ ಒಂದು ದಿನವೂ ಆಚೆ ಹೋದದ್ದಿಲ್ಲ. ಅಂಗಡಿಯ ಹೆಸರು ನಿಂತಿದ್ದೇ ಆ ಕೈಯ ಮೇಲೆ.

ಒಂದು ಬೆಳಿಗ್ಗೆ ವರ್ತಕರ ಸಂಘದ ಅಧ್ಯಕ್ಷ ಮರುಳಸಿದ್ದಪ್ಪನವರು ತಮ್ಮ ಡ್ರೈವರ್ ಹನೀಫನ ಜೊತೆ ಬಂದರು. ಇಬ್ಬರಿಗೂ ಮೈಕೈ ನೋವು, ಇಬ್ಬರ ಚೀಟಿಯಲ್ಲೂ ಆರ್ನಿಕಾ ಎಂಬ ಒಂದೇ ಔಷಧಿ. ಅಧ್ಯಕ್ಷರ ಬಾಟಲಿಯ ಲೇಬಲ್ಲಿನ ಮೇಲೆ ಮೂವತ್ತು, ಹನೀಫನದರ ಮೇಲೆ ಇನ್ನೂರು.

"ಏನಮ್ಮಾ, ನನಗೆ ಮೂವತ್ತು, ನನ್ನ ಡ್ರೈವರ್‌ಗೆ ಇನ್ನೂರಾ? ಬದಲಾಯಿಸು. ಇಲ್ಲಾಂದ್ರೆ ನಿಮ್ಮ ಮಾಲೀಕರಿಗೆ ಹೇಳಿ ನಾಳೆಯಿಂದ ನಿನ್ನನ್ನ ಮನೇಲಿ ಕೂರಿಸ್ತೀನಿ."

"ಅದಕ್ಕೇನು ಯಜಮಾನ್ರೇ, ಬದಲಾಯಿಸೋಣ. ಆ ಅಂಕಿ ಏನು ಅಂತ ಮಾತ್ರ ಕೇಳಿ," ಎಂದಳು ಸಾವಂತ್ರಮ್ಮ. "ಮೂಲ ಔಷಧಿ ಒಂದು ತೊಟ್ಟು ತಗೊಂಡು ತೊಂಬತ್ತೊಂಬತ್ತು ತೊಟ್ಟು ಸ್ಪಿರಿಟ್ಟಿಗೆ ಹಾಕಿ ಕುಲುಕಿದರೆ ಒಂದು ಸಲ ಆಯ್ತು. ಅದರಲ್ಲಿ ಒಂದು ತೊಟ್ಟು ತೆಗೆದು ಮತ್ತೆ ಹಾಗೇ ಮಾಡಿದರೆ ಎರಡು ಸಲ. ನಿಮ್ಮದನ್ನ ಮೂವತ್ತು ಸಲ ತೆಳು ಮಾಡಿದ್ದಾರೆ. ಹನೀಫಂದನ್ನ ಇನ್ನೂರು ಸಲ."

"ಅಂದ್ರೆ ಅವಂದು ನನ್ನದಕ್ಕಿಂತ ತೆಳು?"

"ತುಂಬಾನೇ. ಕೊಡಿ, ಬದಲಾಯಿಸ್ತೀನಿ."

ಅಧ್ಯಕ್ಷರ ಕೈ ಮೂವತ್ತರ ಬಾಟಲಿಯ ಮೇಲೆ ಬಿಗಿಯಾಯಿತು. ಬಾಟಲಿ ಜುಬ್ಬದ ಜೇಬಿಗೆ ಇಳಿಯಿತು. "ಇರಲಿ ಬಿಡು. ಡಾಕ್ಟರು ನನ್ನ ಅಂತಸ್ತು ನೋಡೇ ಬರೆದಿದ್ದಾರೆ," ಎಂದು ಕಾರಿನತ್ತ ನಡೆದರು.

ಹನೀಫ ಮಾತ್ರ ಕದಲಲಿಲ್ಲ. "ಅಕ್ಕಾ, ಹಾಗಾದ್ರೆ ನಂದು ಬರೀ ನೀರಾ?"

"ತೆಳುವಾದಷ್ಟೂ ಜೋರು ಅಂತಾರಪ್ಪ ಹೋಮಿಯೋಪಥಿಯೋರು. ನಿಮ್ಮ ಯಜಮಾನ್ರು ಅದನ್ನ ಕೇಳಲಿಲ್ಲ, ನಾನು ಹೇಳಲಿಲ್ಲ," ಎನ್ನುತ್ತ ಸಾವಂತ್ರಮ್ಮ ಮುಂದಿನವರ ಚೀಟಿಗೆ ಕೈ ಚಾಚಿದಳು.