ಕೊನೆಗೆ ಬಂದವನ ಉತ್ತರ

"ಕೇಳಿರಿ, ಕೇಳಿರಿ! ಕೆಂಗಲ್ಲುಕೋಟೆಯ ದೊರೆ ಬಿಜ್ಜರಸರ ಅಪ್ಪಣೆ! ನಲವತ್ತು ಮೈಲಿಯ ಸೈಕಲ್ ಪಂದ್ಯದಲ್ಲಿ ಮಡ್ಡಿಹಾಳದ ಮೂವರು ಸೇರಿ ಯುವರಾಜರನ್ನು ಮೋಸದಿಂದ ಸೋಲಿಸಿದ್ದಾರೆ. ಏನು ಮೋಸವೆಂದು ಕೇಳಿದರೆ ಬಾಯಿ ಬಿಡುತ್ತಿಲ್ಲ. ದೊರೆಯ ಮೂರು ಒಗಟು ಬಿಡಿಸಿ, ಉತ್ತರವನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರನ್ನು ಶುಕ್ರವಾರ ಆ ಮೂವರ ಜೊತೆಗೇ ಬುರುಜಿನಿಂದ ತಳ್ಳಲಾಗುತ್ತದೆ!"

ಡಂಗುರ ಮಡ್ಡಿಹಾಳಕ್ಕೂ ಬಂತು. ಹಾಲಿನ ಗಾದಿಲಿಂಗ ಕ್ಯಾನುಗಳನ್ನು ಸೈಕಲ್ಲಿನಿಂದ ಇಳಿಸಿ ಅಲ್ಲೇ ಕೂತುಬಿಟ್ಟ. ಆ ಮೂವರು ಯಾಕೆ ಬಾಯಿ ಬಿಡುತ್ತಿಲ್ಲವೆಂದು ಅವನೊಬ್ಬನಿಗೆ ಗೊತ್ತಿತ್ತು. ಅವರು ಮೂವರಲ್ಲ, ನಾಲ್ವರು. ನಾಲ್ಕನೆಯವನು ಇವನೇ. ಪಂದ್ಯದ ದಿನ ಇವನು ಮುಕ್ತಾಯದ ಗೆರೆ ಮುಟ್ಟುವ ಹೊತ್ತಿಗೆ ಸಿಪಾಯಿಗಳು ಉಳಿದವರನ್ನು ಎಳೆದುಕೊಂಡು ಹೋಗಿಯಾಗಿತ್ತು. ಎಲ್ಲರಿಗಿಂತ ಹಿಂದೆ ಬಂದವನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಿಜ ಹೇಳಿದರೆ ಇವನ ಹೆಸರೂ ಹೇಳಬೇಕಾಗುತ್ತದೆಂದು ಅವರು ತುಟಿ ಹೊಲಿದುಕೊಂಡಿದ್ದರು.

ಖಾಲಿ ಸೈಕಲ್ ಹತ್ತಿ ಅವನು ಕೋಟೆಯ ದಾರಿ ಹಿಡಿದ.

ಕೋಟೆಯ ಬಯಲಿನಲ್ಲಿ ಜನ ಕಿಕ್ಕಿರಿದಿದ್ದರು. ದೊರೆ ಮೊದಲ ಒಗಟು ಹಾಕಿದ. "ಮೂವತ್ತು ಮೈಲಿ ನನ್ನ ಮಗನ ಎದೆಗೆ ಒಂದು ಗೋಡೆ ಒತ್ತಿಕೊಂಡೇ ಬಂತು. ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ಅದು ಮೊದಲು ಬಂದ ಮಡ್ಡಿಹಾಳದ ದರ್ಜಿ ಶರೀಫನನ್ನು ಮುಟ್ಟಲಿಲ್ಲ. ಏನದು?"

ಆಸ್ಥಾನದ ಜೋಯಿಸರು ಮುಂದೆ ಬಂದರು. "ಮಾಟ, ಮಹಾಸ್ವಾಮಿ. ದಿಗ್ಬಂಧನ."

"ಹಾಗಾದರೆ ನೀವೂ ಹಾಕಿ ತೋರಿಸಿ."

ಜೋಯಿಸರು ಮಂತ್ರ ಹೇಳುತ್ತಲೇ ಇದ್ದರು. ಯುವರಾಜ ಚೆಲುವರಸ ಸೈಕಲ್ ಏರಿ ಅವರ ಸುತ್ತ ಮೂರು ಸುತ್ತು ಹೊಡೆದ. ಸಿಪಾಯಿಗಳು ಜೋಯಿಸರ ತೋಳು ಹಿಡಿದರು. ಆಮೇಲೆ ಕುದುರೆ ವ್ಯಾಪಾರಿಯೊಬ್ಬ ಬಂದು, ಶರೀಫನ ಗಾಲಿಯೊಳಗೆ ಯಂತ್ರವಿದೆ ಎಂದ. ಗಾಲಿ ಬಿಚ್ಚಿಸಿದರು. ಒಳಗೆ ಹಳೇ ಟ್ಯೂಬು, ಅದಕ್ಕೆ ಏಳು ತೇಪೆ. ಅವನನ್ನೂ ಎಳೆದೊಯ್ದರು.

ಗಾದಿಲಿಂಗ ಮುಂದೆ ಬಂದಾಗ ಜನ ಕೇಕೆ ಹಾಕಿದರು. "ಹಾಲಿನವನು ನೀರು ಬೆರೆಸೋದು ಬಿಟ್ಟು ಇನ್ನೇನು ಬಲ್ಲ!" ಯಾರೋ ಒಂದು ಕಲ್ಲನ್ನೂ ಎಸೆದರು.

"ಅದು ಗಾಳಿ, ಮಹಾಸ್ವಾಮಿ," ಎಂದ ಅವನು. "ಯುವರಾಜರು ನನ್ನ ಹಿಂದಿನ ಗಾಲಿಗೆ ಒಂದು ಗೇಣು ಬಿಟ್ಟು ಬರಲಿ."

ಎದುರುಗಾಳಿಗೆ ಇಬ್ಬರೂ ಹೊರಟರು. ಅರ್ಧ ಮೈಲಿ ಹೋಗಿ ಬಂದಾಗ ಗಾದಿಲಿಂಗ ಏದುಸಿರು ಬಿಡುತ್ತಿದ್ದ. ಯುವರಾಜನ ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ. "ತುಳಿದದ್ದೇ ಗೊತ್ತಾಗಲಿಲ್ಲ," ಎಂದ ಅವನು ಬೇಸರದಿಂದಲೇ.

ದೊರೆಯ ಮುಖ ಗಂಟಿಕ್ಕಿತು. "ಎರಡನೆಯದು. ಒಬ್ಬ ಓಡಿಹೋದ, ಇಬ್ಬರು ಬೆನ್ನಟ್ಟಿದರು. ಆ ಇಬ್ಬರಲ್ಲಿ ಒಬ್ಬ ಏನೂ ಮಾಡಲಿಲ್ಲ. ಏನೂ ಮಾಡದಿದ್ದುದೇ ಅವನ ಕೆಲಸ. ಯಾವ ಕೆಲಸ ಅದು?"

"ಸೋಮಾರಿತನ!" ಎಂದು ಸೇನಾಪತಿ ಅವಸರದಲ್ಲಿ ಅಂದುಬಿಟ್ಟ. ದೊರೆ ಅವನನ್ನೂ ಬಿಡಲಿಲ್ಲ.

ಗಾದಿಲಿಂಗ ಒಬ್ಬ ಸಿಪಾಯಿಗೆ ಸೈಕಲ್ ಕೊಡಿಸಿ ಮುಂದೆ ಓಡಿಸಿದ. "ಹಿಡಿಯಿರಿ, ಯುವರಾಜರೇ," ಎಂದು ತಾನು ಯುವರಾಜನ ಬೆನ್ನಿಗೆ ಅಂಟಿಕೊಂಡ. ಯುವರಾಜ ತಿರುತಿರುಗಿ "ನೀನೂ ಮುಂದೆ ಬಾರೋ" ಎಂದು ಬೈದರೂ ಗಾದಿಲಿಂಗ ಅಲ್ಲಿಂದ ಕದಲಲಿಲ್ಲ. ಸಿಪಾಯಿ ಕೈಗೆ ಸಿಕ್ಕುವಷ್ಟರಲ್ಲಿ ಯುವರಾಜನ ಕಾಲು ಸೋತಿತ್ತು. ಆಗ ಗಾದಿಲಿಂಗ ಪಕ್ಕದಿಂದ ಸರ್ರನೆ ದಾಟಿಹೋದ.

"ಅಂದು ಓಡಿದವನು ನಮ್ಮ ಹೊಳೆಬಸು," ಎಂದ ವಾಪಸು ಬಂದು. "ಬೆನ್ನಟ್ಟದೆ ಬಿಟ್ಟಿದ್ದರೆ ಅವನೇ ಗೆಲ್ಲುತ್ತಿದ್ದ. ಹಿಡಿಯಹೋಗಿ ಯುವರಾಜರು ದಣಿದರು. ತನ್ನವನನ್ನು ತಾನೇ ಬೆನ್ನಟ್ಟುವುದುಂಟೇ? ಶರೀಫ ಹಿಂದೆ ಕೂತು ಬಲ ಉಳಿಸಿಕೊಂಡ."

"ನಮ್ಮ ಹೊಳೆಬಸು ಅಂದೆಯಾ?" ದೊರೆ ಎದ್ದು ನಿಂತ. "ಸರಿ, ಮೂರನೆಯದು ಕೇಳು. ಅಂದು ಎಲ್ಲರಿಗಿಂತ ಕೊನೆಗೆ ಯಾವನೋ ಒಬ್ಬ ಬಂದ. ಎರಡೂ ಕೈ ಎತ್ತಿ, ಗೆದ್ದವನ ಹಾಗೆ ಗೆರೆ ದಾಟಿದ. ಸೋತವನಿಗೆ ಅದೇನು ಸಂಭ್ರಮ?"

ಗಾದಿಲಿಂಗ ಸೈಕಲ್ಲಿನಿಂದ ಇಳಿದ. ಗೊತ್ತಿಲ್ಲವೆಂದರೂ ಸಾವು, ಹೇಳಿದರೂ ಸಾವು.

"ಅವನು ನಾನೇ, ಮಹಾಸ್ವಾಮಿ. ಮೊದಲ ಮೂವತ್ತು ಮೈಲಿ ನಮ್ಮ ಮೂವರನ್ನೂ ಹಿಂದಿಟ್ಟುಕೊಂಡು ಗಾಳಿಗೆ ಎದೆ ಕೊಟ್ಟವನು ನಾನು. ಅಲ್ಲಿಗೆ ನನ್ನ ಕಾಲಿನ ಬಲ ಮುಗಿಯಿತು. ಗೆರೆಯ ಹತ್ತಿರ ಬಂದಾಗ ಜನ ಇನ್ನೂ ಶರೀಫನ ಹೆಸರು ಕೂಗುತ್ತಿದ್ದರು; ಅವರನ್ನು ಹಿಡಿದದ್ದು ನನಗಿನ್ನೂ ತಿಳಿದಿರಲಿಲ್ಲ. ನಾನು ಸೋತಿರಲಿಲ್ಲ. ನಾವು ಗೆದ್ದಿದ್ದೆವು."

"ಕಳ್ಳರ ಗುಂಪಿನ ನಾಲ್ಕನೆಯವನು!" ದೊರೆ ಹಲ್ಲು ಕಡಿದ. "ಮಾತು ಯಾರು ಬೇಕಾದರೂ ಆಡುತ್ತಾರೆ. ತೋರಿಸು. ನೀನೊಬ್ಬ ಬುರುಜಿನಿಂದ ಹಾರು, ಮೂವರನ್ನೂ ಬಿಡುತ್ತೇನೆ. ಇಲ್ಲವೋ, ಈಗಲೇ ಮನೆಗೆ ಹೋಗು, ನಿನ್ನ ತಂಟೆಗೆ ಬರುವುದಿಲ್ಲ. ಅವರು ಸಾಯಲಿ."

ಗಾದಿಲಿಂಗ ಸುತ್ತ ನೋಡಿದ. ಒಂದು ಮುಖವೂ ತನ್ನ ಕಡೆಯದಾಗಿ ಕಾಣಲಿಲ್ಲ. ಅವನು ಮೆಟ್ಟಿಲು ಹತ್ತತೊಡಗಿದ. ಎರಡು ಸಲ ಗೋಡೆ ಹಿಡಿದುಕೊಂಡ, ಆದರೆ ನಿಲ್ಲಲಿಲ್ಲ. ಬುರುಜಿನ ಅಂಚಿಗೆ ಕಾಲಿಡುವಾಗ ಹಿಂದಿನಿಂದ ಯಾರೋ ಅವನ ಅಂಗಿ ಹಿಡಿದು ಜಗ್ಗಿದರು. ಯುವರಾಜ ಓಡಿಬಂದಿದ್ದ.

"ಅಪ್ಪಾಜಿ, ಸಾಕು!" ಎಂದು ಅವನು ಕೆಳಗೆ ಕೂಗಿದ. "ತೋರಿಸಿಯಾಯಿತು. ಅಂದು ನನ್ನ ಜೊತೆ ಅರಮನೆಯ ಆರು ಜನ ಸೈಕಲ್ ಓಡಿಸಿದರು. ನನಗೋಸ್ಕರ ಒಬ್ಬನಾದರೂ ಒಂದು ಮೈಲಿ ಗಾಳಿ ತಡೆದನೇ? ನನಗೆ ಮೋಸವಾಗಿಲ್ಲ. ನಾನು ಒಂಟಿಯಾಗಿ ಸೋತೆ."

ಡಂಗುರ ಹೊಡೆಸಿ ಆಡಿದ ಮಾತು, ತಪ್ಪುವಂತಿರಲಿಲ್ಲ. ಸೆರೆಮನೆಯಿಂದ ಶರೀಫನನ್ನೂ ಹೊಳೆಬಸುವನ್ನೂ ಮೂರನೆಯವನಾದ ಈರಣ್ಣನನ್ನೂ ಕರೆತಂದರು. ಗಾದಿಲಿಂಗ ಕೇಳಿಕೊಂಡದ್ದರಿಂದ ಜೋಯಿಸರಿಗೂ ವ್ಯಾಪಾರಿಗೂ ಸೇನಾಪತಿಗೂ ಬಿಡುಗಡೆಯಾಯಿತು. ನಾಲ್ವರಿಗೂ ಹೊಸ ಸೈಕಲ್ಲು, ಗಾದಿಲಿಂಗನಿಗೆ ಅರಮನೆಗೆ ಹಾಲು ಹಾಕುವ ಹಕ್ಕು.

"ಇನ್ನೇನಾದರೂ ಇದೆಯೋ?" ದೊರೆ ಗುಡುಗಿದ.

"ಕೋಟೆ ಬಾಗಿಲ ಕಲ್ಲಿನಲ್ಲಿ ಗೆದ್ದವನ ಹೆಸರು ಕೆತ್ತಿಸುತ್ತೀರಲ್ಲ, ನಾಲ್ಕು ಹೆಸರೂ ಕೆತ್ತಿಸಬೇಕು."

ದೊರೆ ಕಲ್ಲುಕುಟಿಗನನ್ನು ಕರೆಸಿದ. ಕಲ್ಲುಕುಟಿಗ ಉಳಿ ಹಿಡಿದು ಅಂಜುತ್ತ ಕೇಳಿದ, "ಮೊದಲು ಯಾರ ಹೆಸರು, ಮಹಾಸ್ವಾಮಿ?"

"ಕೊನೆಗೆ ಬಂದವನದು," ಎಂದ ಬಿಜ್ಜರಸ, ಗಾದಿಲಿಂಗನ ಕಡೆ ಮುಖ ತಿರುಗಿಸದೆ.