ಸೀಗೆಹಟ್ಟಿಯ ಕರುಳುಬಂಡೆ

ಸೀಗೆಹಟ್ಟಿಯಿಂದ ಗುಡ್ಡದ ಕಡೆಗೆ ಅರ್ಧ ಹರದಾರಿ ನಡೆದರೆ ಹಳ್ಳದ ದಂಡೆಯಲ್ಲಿ ಒಂದು ಚಪ್ಪಟೆ ಬಂಡೆ ಸಿಗುತ್ತದೆ. ಉದ್ದ ಹನ್ನೆರಡು ಮೊಳ, ಅಗಲ ಏಳು ಮೊಳ, ಹಳ್ಳದ ಕಡೆಗೆ ತುಸು ಇಳಿಜಾರು. ಅದರ ಮೈಮೇಲೆ ಕಂದು ಬಣ್ಣದ ಗೆರೆಗಳು ಸುತ್ತಿ ಸುತ್ತಿ ಹರಿದಿವೆ. ಕಲ್ಲಿನಲ್ಲಿ ಕಬ್ಬಿಣದ ಅಂಶವಿದ್ದರೆ ಇಂಥ ಗೆರೆ ಮೂಡುವುದುಂಟು. ಹಟ್ಟಿಯವರು ಇದನ್ನು ಒಪ್ಪುವುದಿಲ್ಲ. ಅದು ಜಿಂಕೆಯ ಕರುಳು ಹರಡಿದ ಗುರುತು, ಅದಕ್ಕೇ ಇದು ಕರುಳುಬಂಡೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಹಟ್ಟಿಯನ್ನು ನಾಯಕರು ಆಳುತ್ತಿದ್ದ ಕಾಲದಲ್ಲಿ, ಬೇಟೆಯ ಪ್ರಾಣಿಯನ್ನು ಹಸನು ಮಾಡುವ ಹಕ್ಕು ಪಾಲಯ್ಯನೆಂಬವನ ಮನೆತನದ್ದಾಗಿತ್ತು. ಅವನ ಕೆಲಸಕ್ಕೆ ಒಂದು ಕ್ರಮವಿತ್ತು. ಪ್ರಾಣಿಯನ್ನು ಅಂಗಾತ ಮಲಗಿಸಿ ತಲೆಯನ್ನು ಏರಿಗೆ ಇಡುವನು. ಚೂರಿಯ ಅಲಗನ್ನು ಮೇಲ್ಮುಖವಾಗಿ ಹಿಡಿದು, ಕೆಳಗೆ ಎಡಗೈಯ ಎರಡು ಬೆರಳು ಒತ್ತಿಕೊಟ್ಟು, ಚರ್ಮವನ್ನಷ್ಟೇ ಸೀಳುವನು. ಬಾಲದ ಬುಡದಲ್ಲಿ ಕರುಳಿನ ತುದಿಗೆ ನಾರು ಬಿಗಿಯುವನು. ಎದೆಗೂ ಹೊಟ್ಟೆಗೂ ನಡುವಿನ ಪೊರೆ ಬಿಡಿಸಿ, ಗಂಟಲ ಕೊಳವೆ ಕೊಯ್ದು ಎಳೆದರೆ ಒಳಗಿನದೆಲ್ಲ ಒಂದೇ ಗಂಟಾಗಿ ಹೊರಗೆ ಉರುಳುತ್ತಿತ್ತು. ಮೂವತ್ತು ವರ್ಷದಲ್ಲಿ ಅವನ ಚೂರಿ ಒಂದು ಕರುಳನ್ನೂ ಗೀರಿರಲಿಲ್ಲ. ಗೀರಿದರೆ ಆ ಬೇಟೆ ದೇವರ ಎಡೆಗೂ ಇಲ್ಲ, ಹಟ್ಟಿಯ ಪಾಲಿಗೂ ಇಲ್ಲ ಎಂಬುದು ಕಟ್ಟಳೆ. ಅದರ ಜೊತೆಗೆ ಇನ್ನೊಂದು ಕಟ್ಟಳೆಯೂ ಇತ್ತು: ಬಾಣ ಬಿಟ್ಟವನು ಬಂದು ಬಾಲ ಹಿಡಿದು ನಿಲ್ಲುವ ತನಕ ಪ್ರಾಣಿಗೆ ಚೂರಿ ತಾಗಿಸುವಂತಿಲ್ಲ.

ಆ ವರ್ಷ ಕಾಟನಾಯಕನಿಗೆ ಹೊಸದಾಗಿ ಪಟ್ಟವಾಗಿತ್ತು. ಬಿರುಬೇಸಿಗೆಯ ಒಂದು ಮುಂಜಾನೆ ಅವನ ಮೊದಲ ಬಾಣಕ್ಕೇ ಒಂದು ಗಂಡು ಜಿಂಕೆ ಪಕ್ಕೆಲುಬಿನಲ್ಲಿ ಪೆಟ್ಟು ತಿಂದು ಬಿತ್ತು. ಆಳುಗಳು ಅದನ್ನು ಹೊತ್ತು ತಂದು ಈ ಬಂಡೆಯ ಮೇಲೆ ಕೆಡವಿದರು. ನಾಯಕ ಮಾತ್ರ ಹಂದಿಯೊಂದರ ಬೆನ್ನು ಹತ್ತಿ ಗುಡ್ಡದಾಚೆ ಹೋದವನು ಹೊತ್ತು ಮುಳುಗಿದರೂ ಬರಲಿಲ್ಲ. ಪಾಲಯ್ಯ ಸೊಪ್ಪು ಮುಚ್ಚಿ ಕಾದ. ನಾಯಕ ಬಂದದ್ದು ಮರುದಿನ ಮಟಮಟ ಮಧ್ಯಾಹ್ನ.

ಅಷ್ಟರಲ್ಲಿ ಜಿಂಕೆಯ ಹೊಟ್ಟೆ ನಗಾರಿಯಂತೆ ಉಬ್ಬಿ, ಮೇಲಿನ ಎರಡು ಕಾಲು ಆಕಾಶಕ್ಕೆ ಸೆಟೆದು ನಿಂತಿದ್ದವು. ತೊಡೆಸಂದಿಯ ಚರ್ಮ ಹಸಿರುಗಟ್ಟಿತ್ತು. ಮೂಗಿನಿಂದ ನೊರೆ ಬೆರೆತ ಕೆಂಪು ನೀರು ಸೋರುತ್ತಿತ್ತು. ಕಣ್ಣಿನ ಕೊನೆಯಲ್ಲಿ ನೊಣಗಳು ಅಕ್ಕಿನುಚ್ಚಿನಂತೆ ಮೊಟ್ಟೆ ಇಟ್ಟಿದ್ದವು. ಸಾವಿರ ಹೊಟ್ಟೆ ಸೀಳಿದ ಪಾಲಯ್ಯನಿಗೂ ನಾಲಿಗೆಯ ಬುಡದಲ್ಲಿ ನೀರೂರಿ ವಾಕರಿಕೆ ಬಂತು. ಅವನು ಹೊಟ್ಟೆಯ ಕೂದಲು ಹಿಡಿದು ಮೆಲ್ಲನೆ ಎಳೆದ. ಹಿಡಿ ತುಂಬ ಕೂದಲು, ಅಡಿಗೆ ಅಂಟಿಕೊಂಡ ತೆಳುಪೊರೆಯ ಸಮೇತ, ಕೈಗೆ ಬಂತು.

"ಬುದ್ಧೀ, ಇದು ಕೊಳೆತೈತೆ. ಹೂತುಬಿಡಾನ," ಎಂದ.

ನಾಯಕನ ಬಿಲ್ಲು ಹೊರುವ ದುಗ್ಗಪ್ಪ ಕಿಸಕ್ಕನೆ ನಕ್ಕ. "ಹುಟ್ಟಿದಾಗಿಂದ ಕರುಳಲ್ಲೇ ಕೈ ಅದ್ದಿದೋನು. ಈಗ ಮೂಗು ಬಂತೇನಯ್ಯಾ ನಿಂಗೆ? ಮಲ್ಲಿಗೆ ದಂಡೆ ತರಿಸಾನಾ?"

ನಾಯಕ ನಗಲಿಲ್ಲ. ಅವನೂ ಮೂಗಿಗೆ ರುಮಾಲಿನ ತುದಿ ಒತ್ತಿಕೊಂಡಿದ್ದ. "ನಾಯಕನ ಮೊದಲ ಬೇಟೆಗೆ ಹುಳ ಬಿತ್ತು ಅಂತ ಹಟ್ಟಿ ಆಡಿಕೊಳ್ಳಬೇಕಾ? ಕೊಯ್ಯಿ. ಬಾಣಂತಿ ಪಾಲು ಮೊದಲು ಹೋಗಲಿ," ಎಂದು ಬಾಲ ಹಿಡಿದು ನಿಂತ.

ಬಾಣಂತಿ ಪಾಲೆಂದರೆ ಬೇಟೆಯ ಕಾರ್ಜ, ಅಂದರೆ ಪಿತ್ತಜನಕಾಂಗ. ಅದನ್ನು ಬಿಸಿ ಆರುವ ಮುನ್ನ ಸುಟ್ಟು, ಹಟ್ಟಿಯ ಬಾಣಂತಿಯರಿಗೆ ನಾಯಕನ ಎದುರೇ ತಿನ್ನಿಸುತ್ತಿದ್ದರು. ಒಲ್ಲೆನೆಂದವಳ ಮನೆಯವರಿಗೆ ಹಟ್ಟಿಯಲ್ಲಿ ನೀರಿಲ್ಲ, ಬೆಂಕಿಯಿಲ್ಲ. ಆ ದಿನ ಹಟ್ಟಿಯಲ್ಲಿದ್ದವರು ಮೂವರು ಬಾಣಂತಿಯರು. ಒಬ್ಬಳು ಪಾಲಯ್ಯನ ಮಗಳು ಕೆಂಚವ್ವ, ಹೆತ್ತು ಹನ್ನೊಂದು ದಿನವಾಗಿತ್ತು.

ಪಾಲಯ್ಯ ಚೂರಿ ತೆಗೆದುಕೊಂಡ. ಅಲಗನ್ನು ಕೆಳಮುಖವಾಗಿ ತಿರುಗಿಸಿದ. ಬೆರಳು ಅಡ್ಡ ಕೊಡಲಿಲ್ಲ. ಹಿಡಿಯ ತನಕ ಒತ್ತಿ, ಎದೆಯಿಂದ ಬಾಲದವರೆಗೆ ಒಂದೇ ಎಳೆತಕ್ಕೆ ಹರಿದ. ಹೊಟ್ಟೆ ಸಿಡಿದು ಹುಳಿನಾತದ ಗಾಳಿ ಮುಖಕ್ಕೆ ಬಡಿಯಿತು. ಅರೆ ಜೀರ್ಣವಾದ ಹುಲ್ಲಿನ ಕಪ್ಪು ಹಸಿರು ರಾಡಿ, ಲದ್ದಿ, ಉಚ್ಚೆ ಎಲ್ಲ ಕಲಸಿಕೊಂಡು ಅವನ ಮೊಣಕೈ ತನಕ ಹರಿದು, ನಾಯಕನ ಪಾದ ತೋಯಿಸಿ, ಬಂಡೆಯ ಇಳಿಜಾರಿನಲ್ಲಿ ಇಳಿಯಿತು. ಆ ರಾಡಿಯೊಳಗೆ ಕಾರ್ಜ ಬೂದು ಬಣ್ಣಕ್ಕೆ ತಿರುಗಿ, ಮೈಯೆಲ್ಲ ಗುಳ್ಳೆ ಎದ್ದು ತೇಲುತ್ತಿತ್ತು. ನಾಯಕ ಬಾಲ ಬಿಟ್ಟು ಓಡಿ ಹಳ್ಳದ ಪಕ್ಕದಲ್ಲಿ ಕಾರಿಕೊಂಡ.

"ಕೈ ಜಾರಿತು ಬುದ್ಧೀ," ಎಂದ ಪಾಲಯ್ಯ.

ಕೈ ಜಾರಲಿಲ್ಲವೆಂಬುದು ನಿಂತವರಿಗೆಲ್ಲ ಗೊತ್ತಿತ್ತು. ಕಟ್ಟಳೆಯ ಪ್ರಕಾರ ಇನ್ನು ಅದು ಯಾರ ಪಾಲೂ ಅಲ್ಲ. ನಾಯಕ ಅವನ ಚೂರಿಯನ್ನು ಕಲ್ಲಿಗೆ ಹೊಡೆಸಿ ಮುರಿಸಿದ, ಮನೆತನದ ಹಕ್ಕನ್ನು ಕಿತ್ತುಕೊಂಡ. ಈ ದಾರಿಯಲ್ಲಿ ಹೋಗುವವರೆಲ್ಲ ಪಾಲಯ್ಯನ ಹೆಸರು ಹೇಳಿ ಬಂಡೆಗೆ ಉಗುಳಬೇಕೆಂದು ಆಜ್ಞೆ ಮಾಡಿ ಕಾವಲಿಟ್ಟ. ದುಗ್ಗಪ್ಪ ಮಾತ್ರ, ಚರ್ಮದೊಳಗಿನ ಮಾಂಸಕ್ಕೆ ಏನಾಗಿದೆಯೆಂದು ಒಂದು ತೊಡೆಯನ್ನು ಕದ್ದು ಒಯ್ದು ಸುಟ್ಟು ತಿಂದ. ಮೂರು ದಿನ ಮೇಲೂ ಕೆಳಗೂ ಹೋಗಿ, ನಾಲ್ಕನೆಯ ದಿನ ಸತ್ತ. ನಾಯಕನಿಗೆ ಆಗ ಎಲ್ಲ ಅರ್ಥವಾಯಿತಂತೆ. ಬಿದ್ದ ಜಾಗದಲ್ಲೇ ಬೇಟೆಯನ್ನು ಹಸನು ಮಾಡಬೇಕು, ಯಾರಿಗೂ ಕಾಯಬಾರದು ಎಂದು ಕಟ್ಟಳೆ ತಿದ್ದಿದ. ಉಗುಳುವ ಆಜ್ಞೆಯನ್ನು ಮಾತ್ರ ಹಿಂದಕ್ಕೆ ಪಡೆಯಲಿಲ್ಲ. ಪಡೆದಿದ್ದರೆ ತಾನು ತಪ್ಪಿದೆನೆಂದು ಒಪ್ಪಿಕೊಂಡಂತಾಗುತ್ತಿತ್ತು.

ತಿಂಗಳು ತುಂಬಿ ಹೊರಗೆ ಬಂದ ಕೆಂಚವ್ವ ಕೂಸನ್ನೆತ್ತಿಕೊಂಡು ಹಳ್ಳಕ್ಕೆ ಹೋದಾಗ ಕಾವಲಿನವನು ಅಡ್ಡ ನಿಂತನು.

"ಉಗುಳವ್ವ. ನಾಯಕರ ಅಪ್ಪಣೆ ಐತೆ."

ಕೆಂಚವ್ವ ಬಂಡೆಯನ್ನು ನೋಡಿದಳು. ನಾತ ಇನ್ನೂ ಹೋಗಿರಲಿಲ್ಲ.

"ಬಾಯಿ ಒಣಗೈತಣ್ಣ," ಎಂದಳು. ಕಾವಲಿನವನು ಎರಡನೆಯ ಸಲ ಕೇಳಲಿಲ್ಲ.

ನಾಯಕರೂ ಇಲ್ಲ, ಬೇಟೆಯೂ ಇಲ್ಲ. ಆದರೂ ಈ ದಾರಿಯಲ್ಲಿ ಹೋಗುವವರು ಇಂದಿಗೂ ಮೂಗು ಮುಚ್ಚಿ ಬಂಡೆಯ ಮೇಲೆ ಉಗುಳುತ್ತಾರೆ. ಯಾರ ಹೆಸರಿಗೆಂದು ಅವರಲ್ಲಿ ಹೆಚ್ಚಿನವರಿಗೆ ತಿಳಿಯದು. ಕೂಸನ್ನೆತ್ತಿಕೊಂಡ ಹೆಂಗಸರು ಮಾತ್ರ ಉಗುಳುವುದಿಲ್ಲ. ಏಕೆಂದು ಕೇಳಿದರೆ, ಹಳ್ಳದಲ್ಲಿ ಆಗಷ್ಟೇ ನೀರು ಕುಡಿದು ತುಟಿ ಒರೆಸಿಕೊಳ್ಳುತ್ತಿರುವವಳು ಕೂಡ, ಬಾಯಿ ಒಣಗಿದೆ ಎನ್ನುತ್ತಾಳೆ.