ಬರಗನ ಎರಡು ಬಾಗಿಲ ಗೂಡು

ಕಾಡಿನ ಅಂಚಿನಲ್ಲಿ ಒಂದು ಕೊಳ. ಕೊಳದ ದಡದಲ್ಲಿ ನೀರಿನ ಮೇಲೆ ಬಾಗಿ ನಿಂತ ಒಂದು ಜಾಲಿಮರ. ಆ ಮರದ ತುಂಬ ಗೀಜಗ ಹಕ್ಕಿಗಳು. ಮರಿಗಳಿಗೆ ಕಾಳಿನ ಹೆಸರಿಡುವುದು ಆ ಗೀಜಗಗಳ ವಾಡಿಕೆ. ಹೀಗಾಗಿ ಒಬ್ಬ ಊದಲ, ಒಬ್ಬಳು ನವಣೆ. ನಮ್ಮ ಕತೆಯ ನಾಯಕ ಬರಗ.

ಮಕ್ಕಳೇ, ಗೀಜಗನ ಗೂಡನ್ನು ನೀವು ನೋಡಿರಬಹುದು. ಸೋರೆಬುರುಡೆಯ ಹಾಗೆ ಕೊಂಬೆಯಿಂದ ಜೋತಾಡುತ್ತಿರುತ್ತದೆ. ಅದನ್ನು ಕಟ್ಟುವವನು ಗಂಡು. ಆದರೆ ಅವನು ಒಂದೇ ಸಲಕ್ಕೆ ಕಟ್ಟಿ ಮುಗಿಸುವುದಿಲ್ಲ. ಅರ್ಧ ಆದಕೂಡಲೇ ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತಾನೆ. ಅವಳು ಬಂದು ಒಳಗೆ ಕೂರುತ್ತಾಳೆ, ಕೊಂಬೆಗೆ ಹಾಕಿದ ಗಂಟನ್ನು ಕೊಕ್ಕಿನಿಂದ ಜಗ್ಗಿ ನೋಡುತ್ತಾಳೆ. ಒಪ್ಪಿದರೆ ಉಳಿದರ್ಧ. ಒಪ್ಪದಿದ್ದರೆ ಅದನ್ನು ಅಲ್ಲಿಗೇ ಬಿಟ್ಟು ಹೊಸದು ಶುರು. ಅವರ ಅಜ್ಜಂದಿರ ಕಾಲದಿಂದಲೂ ಹೀಗೇ ನಡೆದುಬಂದಿದೆ.

ಈ ಪದ್ಧತಿ ಬರಗನಿಗೆ ಸುತರಾಂ ಹಿಡಿಸುತ್ತಿರಲಿಲ್ಲ. ಹಿಡಿಸುವುದಾದರೂ ಹೇಗೆ? ಹೋದ ವರ್ಷ ಅವನ ಅರ್ಧ ಗೂಡನ್ನು ನೋಡಲು ಬಂದವರೆಲ್ಲ ಗಂಟು ಜಗ್ಗಿ, "ಸಡಿಲ ಇದೆಯಪ್ಪ" ಎಂದು ಹೊರಟುಹೋಗಿದ್ದರು. ಮಳೆಗಾಲವೆಲ್ಲ ಅವನು ಬರೀ ಕೊಂಬೆಯ ಮೇಲೆ ನೆನೆಯುತ್ತ, ಬೇರೆಯವರ ಮರಿಗಳ ಚಿಲಿಪಿಲಿ ಕೇಳುತ್ತ ಕೂತಿದ್ದ. ಆ ನೋವು ಅವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಈ ವರ್ಷ ನವಣೆ ಅವನ ಗೂಡಿಗೆ ಬರಬೇಕು. ಅವನಿಗೆ ಬೇಕಾದದ್ದು ಅಷ್ಟೇ. ನವಣೆಗೂ ಅವನ ಮೇಲೆ ಮನಸ್ಸಿತ್ತು. ಇಲ್ಲದಿದ್ದರೆ ಅಷ್ಟು ದೊಡ್ಡ ಮರದಲ್ಲಿ ಅವನ ಕೊಂಬೆಯ ಪಕ್ಕದಲ್ಲೇ ಬಂದು ಯಾಕೆ ಕೂರುತ್ತಿದ್ದಳು?

ಬರಗ ಕೆಲಸ ಶುರುಮಾಡಿದ. ಈ ಸಲ ಗಂಟನ್ನು ಜೋಪಾನವಾಗಿ, ಹಸಿರು ಹುಲ್ಲಿನ ಎಳೆ ಸೀಳಿ ಸೀಳಿ ಬಿಗಿದ. ನಿಜ ಹೇಳಬೇಕೆಂದರೆ ಗಂಟು ಚೆನ್ನಾಗಿಯೇ ಬಂದಿತ್ತು. ಗೂಡು ಅರ್ಧಕ್ಕೆ ಬಂದಾಗ ನವಣೆ ತಾನಾಗಿಯೇ ಹತ್ತಿರ ಬಂದಳು.

"ಬರಗ, ಒಮ್ಮೆ ನೋಡಲಾ?"

"ಅಯ್ಯೋ, ಈಗ ಬೇಡ" ಎಂದು ಬರಗ ಗೂಡಿಗೆ ಅಡ್ಡ ನಿಂತ. "ಅರ್ಧಂಬರ್ಧ ಕೆಲಸ ತೋರಿಸೋನಲ್ಲ ನಾನು. ಪೂರ್ತಿ ಮುಗೀಲಿ. ಆಮೇಲೆ ನೋಡಿ ನೀನೇ ಬಾಯಿ ಮೇಲೆ ರೆಕ್ಕೆ ಇಟ್ಕೋತೀಯ."

"ನಾನು ಗಂಟು ಮಾತ್ರ ನೋಡ್ತೀನಿ."

"ಮುಗಿದ ಮೇಲೆ ಬಾ ನವಣೆ. ದೊಡ್ಡ ಯೋಜನೆ ಇದೆ ನಂದು."

ನವಣೆ ತನ್ನ ಕೊಂಬೆಗೆ ಹಾರಿದಳು. ನಿಜಕ್ಕೂ ಬರಗನ ಬಳಿ ದೊಡ್ಡ ಯೋಜನೆಯೇನೂ ಇರಲಿಲ್ಲ. ಮಾತು ಬಾಯಿಂದ ಜಾರಿತ್ತು. ಆಡಿದ ಮೇಲೆ ಮರ್ಯಾದೆ ಉಳಿಸಿಕೊಳ್ಳಬೇಕಲ್ಲ? ಆದ್ದರಿಂದ ದೊಡ್ಡ ಯೋಜನೆ ಹಾಕಲು ಸಲಹೆ ಕೇಳುತ್ತ ಹೊರಟ. ಅವನ ಜಾಣತನ ನೋಡಿ: ಗೂಡಿನಲ್ಲಿ ಇರಬೇಕಾದವಳಿಗೆ ಅರ್ಧ ಗೂಡು ತೋರಿಸಲು ನಾಚಿಕೆ, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕರೆದು ತೋರಿಸಲು ಯಾವ ನಾಚಿಕೆಯೂ ಇಲ್ಲ.

ಮೊದಲು ಸಿಕ್ಕಿದ್ದು ಅಳಿಲಮ್ಮ. ಅವಳು ಗೂಡಿನ ಸುತ್ತ ಬಾಲ ಕುಣಿಸಿ ನೋಡಿದಳು.

"ಎಲ್ಲಾ ಸರಿ ಕಣಪ್ಪ, ಉಗ್ರಾಣ ಎಲ್ಲಿ? ಬೀಜ ಗೀಜ ಕೂಡಿಡೋದಕ್ಕೆ ಒಂದು ಕೋಣೆ ಬೇಡ್ವಾ? ಸಂಸಾರ ಅಂದ್ಮೇಲೆ ಸುಮ್ನೇನಾ?"

ಗೀಜಗಗಳು ಬೀಜ ಕೂಡಿಡುವುದಿಲ್ಲ. ಆದರೂ ಬರಗ ತಲೆದೂಗಿದ. "ಹೌದಲ್ಲ, ನಂಗೆ ಹೊಳೀಲೇ ಇಲ್ಲ ನೋಡಿ" ಎಂದು ಗೂಡಿನ ಬಗಲಿಗೆ ಒಂದು ಉಗ್ರಾಣ ಹೆಣೆದ.

ಆಮೇಲೆ ಬಂದವಳು ನೀರುಕೋಳಿ ಗಂಗವ್ವ. ನೀರಿನಲ್ಲೇ ನಿಂತು ಕತ್ತು ಮೇಲೆತ್ತಿದಳು.

"ಇಷ್ಟು ಇಕ್ಕಟ್ಟಾದ್ರೆ ಹೆಂಗೆ ಮಗಾ? ಕಾಲು ಚಾಚೋಕೆ ಜಾಗ ಇಲ್ಲ. ತಳ ಅಗಲ ಮಾಡು. ಜೊಂಡು ಹಾಕು, ಜೊಂಡು. ಏಳೆಂಟು ಮೊಟ್ಟೆ ಆರಾಮಾಗಿ ಹಿಡೀಬೇಕು."

ನವಣೆ ಅಷ್ಟು ಮೊಟ್ಟೆ ಇಡುವವಳಲ್ಲ. ಆದರೆ ಹಿರಿಯರ ಮಾತು ತೆಗೆದುಹಾಕುವುದು ಹೇಗೆ? ಬರಗ ಕೊಳದಂಚಿನಿಂದ ದಪ್ಪ ಜೊಂಡು ಎಳೆದೆಳೆದು ತಂದು, ತಳವನ್ನು ಮೊರದಗಲ ಮಾಡಿದ. ಕೊಂಬೆ ಸ್ವಲ್ಪ ಬಾಗಿತು. ಅವನು ಅದನ್ನು ನೋಡಲಿಲ್ಲ. ಕೆಳಗಿನಿಂದ ಗಂಗವ್ವ "ಭೇಷ್" ಎನ್ನುತ್ತಿದ್ದಳು, ಅವನ ಕಿವಿಯೆಲ್ಲ ಅಲ್ಲೇ ಇತ್ತು.

ಪಕ್ಕದ ಕೊಂಬೆಯ ಊದಲ ಮಾತ್ರ ಸುಮ್ಮನಿರಲಾರದೆ ಹೇಳಿದ. "ಬರಗ, ಮೋಡ ಕಟ್ತಾ ಇದೆ ನೋಡೋ. ಮೊದಲು ಹಾಕಿದ ಗಂಟು ಒಣಗ್ತಾ ಇದೆ. ಈ ಉಗ್ರಾಣ ಗಿಗ್ರಾಣ ಎಲ್ಲ ಬಿಟ್ಟು, ನವಣೆಯನ್ನ ಕರೆದು ತೋರಿಸು."

"ನಿಂದು ಸಣ್ಣ ಗೂಡು, ನಿನಗೆ ಸಣ್ಣ ಯೋಚನೆ" ಎಂದ ಬರಗ. "ಒಳ್ಳೆ ಕೆಲಸಕ್ಕೆ ಹೊತ್ತು ಹಿಡಿಯುತ್ತಪ್ಪ."

ಊದಲ ತನ್ನ ಕೊಂಬೆಗೆ ಹಾರಿದ. ಅವನಿಗೂ ಮುಗಿಸಲು ಕೆಲಸವಿತ್ತು.

ಕೊನೆಗೆ ಕಾಗೆ ಕಾಳಯ್ಯ ಬಂದ. ಕಾಳಯ್ಯನದು ಮರದ ತುದಿಯಲ್ಲಿ ಬಯಲು ಗೂಡು. ಬಿಸಿಲು, ಗಾಳಿ, ಮಳೆ ಯಾವುದಕ್ಕೂ ತಡೆಯಿಲ್ಲ.

"ಉಸಿರು ಕಟ್ಟುತ್ತಲ್ಲೋ ಇದರೊಳಗೆ" ಎಂದ ಅವನು. "ಪಡುವಣಕ್ಕೆ ಒಂದು ಬಾಗಿಲು ಇಡು. ಸಂಜೆ ಗಾಳಿ ಸೊಗಸಾಗಿ ಬರುತ್ತೆ. ನಾನಾಗಿದ್ರೆ ಹಂಗೇ ಕಟ್ತಿದ್ದೆ."

ಮಳೆಗಾಳಿ ಬೀಸುವುದು ಪಡುವಣದಿಂದ ಎನ್ನುವುದು ಗೀಜಗದ ಮರಿಗೂ ಗೊತ್ತು. ಅದಕ್ಕೇ ಅವರೆಲ್ಲ ಮರದ ಮೂಡಣ ಮಗ್ಗುಲಿಗೆ ಗೂಡು ಕಟ್ಟುತ್ತಾರೆ. ಬರಗನಿಗೂ ಗೊತ್ತಿತ್ತು. ಆದರೆ ಅಳಿಲಮ್ಮನ ಮಾತು ಕೇಳಿ, ಗಂಗವ್ವನ ಮಾತು ಕೇಳಿ, ಕಾಳಯ್ಯನ ಮಾತು ಕೇಳದಿದ್ದರೆ ಅವನು ಬೇಜಾರು ಮಾಡಿಕೊಳ್ಳುವುದಿಲ್ಲವೇ? ಪಡುವಣಕ್ಕೆ ಎರಡನೆಯ ಬಾಗಿಲು ತೆರೆಯಿತು.

ಈ ನಡುವೆ ನವಣೆ ಇನ್ನೊಮ್ಮೆ ಬಂದಿದ್ದಳು.

"ಬರಗ, ನಂಗೆ ಕಾಯೋಕೆ ಆಗಲ್ಲ. ಮಳೆಗೆ ಮುಂಚೆ ಗೂಡು ಆಗಬೇಕು. ಹೇಗಿದೆಯೋ ಹಾಗೇ ತೋರಿಸು. ಆಗದ್ದನ್ನ ಇಬ್ಬರೂ ಸೇರಿ ಸರಿಮಾಡೋಣ."

ಅವಳ ದನಿ ಕೇಳಿ ಬರಗನ ಮನಸ್ಸು ಕರಗಿತು. ಇನ್ನೇನು ದಾರಿ ಬಿಡುವವನಿದ್ದ. ಅಷ್ಟರಲ್ಲಿ ಹೋದ ವರ್ಷ ಕೇಳಿದ ಮಾತು ನೆನಪಾಯಿತು: ಸಡಿಲ ಇದೆಯಪ್ಪ.

"ಇನ್ನೊಂದು ಸ್ವಲ್ಪ" ಎಂದ. "ಇನ್ನೊಂದು ಚೂರೇ ಚೂರು."

ಅಂತೂ ಒಂದು ಬೆಳಿಗ್ಗೆ ಗೂಡು ಮುಗಿಯಿತು. ಉಗ್ರಾಣ, ಮೊರದಗಲ ತಳ, ಎರಡು ಬಾಗಿಲು. ಅಂಥ ಗೂಡು ಆ ಕೊಳದ ದಡದಲ್ಲಿ ಹಿಂದೆ ಆಗಿರಲಿಲ್ಲ. ಅಳಿಲಮ್ಮ, ಗಂಗವ್ವ, ಕಾಳಯ್ಯ ನೋಡಿ ಹೊಗಳಿದ್ದೇ ಹೊಗಳಿದ್ದು. ಬರಗ ಎದೆಯುಬ್ಬಿಸಿ, ರೆಕ್ಕೆ ಬಡಿದು, ಗಂಟಲು ಹರಿಯುವಂತೆ ನವಣೆಯನ್ನು ಕರೆದ.

ನವಣೆ ಬಂದಳು. ಉಗ್ರಾಣ ನೋಡಲಿಲ್ಲ, ತಳವನ್ನೂ ನೋಡಲಿಲ್ಲ. ನೇರವಾಗಿ ಮೇಲಿನ ಗಂಟಿಗೆ ಹೋಗಿ ಕೊಕ್ಕಿನಲ್ಲಿ ಮೆಲ್ಲನೆ ಹಿಡಿದಳು. ಹಸಿರಾಗಿದ್ದ ಎಳೆ ಕಂದುಬಣ್ಣಕ್ಕೆ ತಿರುಗಿತ್ತು. ಅವಳು ಜಗ್ಗುವ ಮೊದಲೇ ಒಂದೆರಡು ಎಳೆ ಪಟಪಟನೆ ಮುರಿದು ನೀರಿಗೆ ಬಿದ್ದವು.

"ಗಂಟು ಒಳ್ಳೇದೇ ಹಾಕಿದ್ದೆ ಬರಗ" ಎಂದಳು ನವಣೆ. "ಅವತ್ತೇ ತೋರಿಸಿದ್ರೆ ಅವತ್ತೇ ಒಪ್ಪಿಬಿಡ್ತಿದ್ದೆ."

ಅವಳು ಹಾರಿಹೋದಳು. ದೂರವೇನೂ ಹೋಗಲಿಲ್ಲ. ಪಕ್ಕದ ಕೊಂಬೆಯಲ್ಲಿ ಊದಲ ತಡವಾಗಿ ಶುರುಮಾಡಿದ್ದ ಸಣ್ಣ ಗೂಡು ಅರ್ಧಕ್ಕೆ ಬಂದು ನಿಂತಿತ್ತು, ಹಸಿರಾಗಿ. ಅವಳು ಒಳಗೆ ಕೂತಳು, ಗಂಟು ಜಗ್ಗಿದಳು. "ಈ ಕಡೆ ಸ್ವಲ್ಪ ಬಿಗಿ ಮಾಡು" ಎಂದಳು. ಊದಲ ಬಿಗಿ ಮಾಡಿದ. ಬರಗ ಇದನ್ನೆಲ್ಲ ತನ್ನ ಎರಡನೆಯ ಬಾಗಿಲಿನಿಂದ ನೋಡುತ್ತ ಕೂತಿದ್ದ. ಅಲ್ಲಿಂದ ನೋಟ ಬಹಳ ಚೆನ್ನಾಗಿ ಕಾಣುತ್ತಿತ್ತು.

ಊದಲನ ಗೂಡು ಮುಗಿಯುವುದಕ್ಕೂ ಮೊದಲ ಮಳೆ ಬರುವುದಕ್ಕೂ ಸರಿಹೋಯಿತು. ಪಡುವಣ ಗಾಳಿ ಕಾಳಯ್ಯನ ಬಾಗಿಲಿನಿಂದ ನುಗ್ಗಿ ಬರಗನ ಗೂಡನ್ನು ಉಬ್ಬಿಸಿತು. ಒಣಗಿದ ಗಂಟು ಎಷ್ಟೆಂದು ತಡೆದೀತು? ಬರಗ ಹೊರಗೆ ಹಾರುವುದಕ್ಕೂ ಗೂಡು ಕಿತ್ತುಕೊಂಡು ದೊಪ್ಪನೆ ಕೊಳಕ್ಕೆ ಬೀಳುವುದಕ್ಕೂ ಒಂದೇ ಆಯಿತು.

ಆದರೆ ಗೂಡು ಮುಳುಗಲಿಲ್ಲ. ಜೊಂಡಿನ ತಳವಲ್ಲವೇ, ತೇಲಿತು. ತೇಲುತ್ತ ಹೋಗಿ ಗಂಗವ್ವನ ಮನೆ ಬಾಗಿಲಿಗೇ ನಿಂತಿತು. ಮಳೆ ನಿಂತ ಮೇಲೆ ನೋಡಿದರೆ ಗಂಗವ್ವ ಅದರೊಳಗೆ ಕಾಲು ಚಾಚಿ, ಮೊಟ್ಟೆಗಳ ಮೇಲೆ ಕೂತಿದ್ದಾಳೆ.

"ನೋಡಿದ್ಯಾ ಮಗಾ" ಎಂದಳು ಅವಳು ಪ್ರೀತಿಯಿಂದ. "ನನ್ನ ಮಾತು ಕೇಳಿ ಕಟ್ಟಿದ್ದಕ್ಕೆ ಎಷ್ಟು ಚೆನ್ನಾಗಿ ಬಂತು. ಅಳತೆ ಕೊಟ್ಟು ಹೊಲಿಸಿದ ಹಾಗಿದೆ."

"ಉಗ್ರಾಣ ನಾನು ಹೇಳಿದ್ದು" ಎಂದಳು ಅಳಿಲಮ್ಮ ಮೇಲಿನಿಂದ. ಬಾಗಿಲಿನ ವಿಷಯವಾಗಿ ಮಾತ್ರ ಕಾಳಯ್ಯ ಏನೂ ಹೇಳಲಿಲ್ಲ.

ಮಳೆಗಾಲ ಸಾಗಿತು. ಬರಗ ಮತ್ತೆ ಬರೀ ಕೊಂಬೆಯ ಮೇಲೆ ನೆನೆಯುತ್ತ ಕೂತ. ಊದಲನ ಗೂಡಿನಿಂದ ಮರಿಗಳ ಚಿಲಿಪಿಲಿ ಕೇಳಿಸುತ್ತಿತ್ತು. ಒಂದು ದಿನ ನವಣೆ ಕೊಕ್ಕಿನಲ್ಲಿದ್ದ ಹುಳವನ್ನು ಮರಿಗಳಿಗೆ ಕೊಟ್ಟು ಹೊರಗೆ ಬಂದಾಗ ಬರಗ ತಡೆಯಲಾರದೆ ಕೇಳಿಯೇಬಿಟ್ಟ.

"ನವಣೆ, ನಿನಗೆ ನಿಜವಾಗ್ಲೂ ಎಂಥ ಗೂಡು ಬೇಕಿತ್ತು?"

ಗೂಡು ಹೇಗಿರಬೇಕೆಂದು ಅವನು ಅಳಿಲನ್ನು ಕೇಳಿದ್ದ, ನೀರುಕೋಳಿಯನ್ನು ಕೇಳಿದ್ದ, ಕಾಗೆಯನ್ನೂ ಕೇಳಿದ್ದ. ಅವಳನ್ನು ಕೇಳಿದ್ದು ಇದೇ ಮೊದಲು.

"ಮಳೆ ಒಳಗೆ ಬರದಿದ್ರೆ ಸಾಕಿತ್ತು" ಎಂದು ಹೇಳಿ, ಮತ್ತೊಂದು ಹುಳ ಹುಡುಕಲು ಹೋದಳು.

ನೀತಿ: ಯಾರಿಗಾಗಿ ಕೆಲಸ ಹಿಡಿದಿದ್ದೀರೋ ಅವರನ್ನೇ ಮೊದಲು ಕೇಳಿ, ಅರ್ಧದಲ್ಲೇ ತೋರಿಸಿ, ಹೊತ್ತಿಗೆ ಮುಗಿಸಿ; ದಾರಿಹೋಕರಿಗೆಲ್ಲ ಹೂಂ ಎನ್ನುತ್ತ ಕಟ್ಟಿದ ಮನೆಯಲ್ಲಿ ಕೊನೆಗೆ ದಾರಿಹೋಕರೇ ಇರುತ್ತಾರೆ.